ಐದು ಕೆಲಸ ಮಾಡಿದವಳ ಹೆಸರು ಐದು ಕಡೆ ಬರಲಿ

ಕರ್ನಾಟಕ ಚಲನಚಿತ್ರ ಅಕಾಡೆಮಿಯ ಅಧ್ಯಕ್ಷರಿಗೆ, ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಆಯುಕ್ತರಿಗೆ, ಹಾಗೂ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ.

ನಾನು ತುಮಕೂರಿನವಳು. ಕಡಿಮೆ ದುಡ್ಡಿನಲ್ಲಿ, ದೊಡ್ಡ ನಿರ್ಮಾಪಕರ ಬೆಂಬಲ ಇಲ್ಲದೆ ತಯಾರಾಗುವ ಕನ್ನಡ ಸಿನಿಮಾಗಳಲ್ಲಿ ಕೆಲಸ ಮಾಡುತ್ತೇನೆ. ಏನು ಕೆಲಸ ಅಂತ ಕೇಳಿದರೆ ಒಂದೇ ಮಾತಲ್ಲಿ ಹೇಳುವುದು ಕಷ್ಟ. ಚಿತ್ರಕಥೆ ಬರೆಯುತ್ತೇನೆ. ಪಾತ್ರಗಳ ಬಟ್ಟೆಬರೆ ನೋಡಿಕೊಳ್ಳುತ್ತೇನೆ. ಶೂಟಿಂಗ್‌ನಲ್ಲಿ ಕಂಟಿನ್ಯುಟಿ, ಅಂದರೆ ಒಂದು ಶಾಟ್‌ಗೂ ಮುಂದಿನ ಶಾಟ್‌ಗೂ ಎಲ್ಲ ಹೊಂದುವ ಹಾಗೆ ವಿವರ, ಬರೆದಿಡುತ್ತೇನೆ. ಸೌಂಡ್ ಹುಡುಗ ಬರದ ದಿನ ಬೂಮ್, ಅಂದರೆ ಉದ್ದ ಕೋಲಿನ ಮೈಕ್, ಹಿಡಿಯುತ್ತೇನೆ. ಎಲ್ಲ ಮುಗಿದ ಮೇಲೆ ಎಡಿಟಿಂಗ್‌ಗೆ ಕೂರುತ್ತೇನೆ. ಹೀಗೆ ಕೆಲಸ ಮಾಡುವ ಹೆಣ್ಣುಮಕ್ಕಳು ಪಾವಗಡದಲ್ಲಿದ್ದಾರೆ, ಚಿಂತಾಮಣಿಯಲ್ಲಿದ್ದಾರೆ, ಕೋಲಾರದಲ್ಲೂ ಇದ್ದಾರೆ. ಅವರೆಲ್ಲರ ಪರವಾಗಿ ಮಾತಾಡುವ ಅಧಿಕಾರ ನನಗೆ ಯಾರೂ ಕೊಟ್ಟಿಲ್ಲ. ಆದರೆ ಸೇರಿದಾಗೆಲ್ಲ ನಾವು ಮಾತಾಡಿಕೊಳ್ಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕೇಳಬೇಕಾಗಿರುವುದು ಮುಖ್ಯವಾಗಿ ಒಂದೇ. ಒಬ್ಬಳು ಒಂದು ಸಿನಿಮಾದಲ್ಲಿ ಐದು ಕೆಲಸ ಮಾಡಿದರೆ ಆ ಐದೂ ಕೆಲಸಕ್ಕೆ ಅವಳ ಹೆಸರು ಟೈಟಲ್‌ನಲ್ಲಿ ಬರಬೇಕು. ಕಾಗದದಲ್ಲಿ ಬರಬೇಕು. ಪೇಮೆಂಟ್‌ನಲ್ಲೂ ಕಾಣಬೇಕು. ಇದನ್ನು ನಿರ್ಮಾಪಕರನ್ನು ಕೇಳಿಕೊಳ್ಳಿ ಅಂತ ನೀವು ಹೇಳಬಹುದು. ಕೇಳಿದ್ದೇವೆ. ಆದರೆ ಸಹಾಯಧನ ಕೊಡುವವರು ನೀವು, ಪ್ರಶಸ್ತಿ ಕೊಡುವವರು ನೀವು, ಶೂಟಿಂಗ್‌ಗೆ ಸರ್ಕಾರಿ ಜಾಗ ಕೊಡುವವರೂ ನೀವೇ. ನೀವು ಒಂದು ಸಾಲು ಬರೆದರೆ ಆಗುವ ಕೆಲಸ, ನಾವು ವರ್ಷಗಟ್ಟಲೆ ಕೇಳಿಕೊಂಡರೂ ಆಗುವುದಿಲ್ಲ.

ಈ ಕೆಲಸಗಳು ಎಂಥವು ಅಂತ ಸ್ವಲ್ಪ ವಿವರವಾಗಿ ಹೇಳಬೇಕು. ಹೊರಗಿನಿಂದ ನೋಡುವವರಿಗೆ ಇವು ಕೆಲಸ ಅಂತಲೇ ಅನ್ನಿಸುವುದಿಲ್ಲ.

ಗುಬ್ಬಿ ಕಡೆಯ ಒಂದು ಹಳೇ ತೊಟ್ಟಿಮನೆ. ಅಮ್ಮ, ಮಗಳು ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುವ ದೃಶ್ಯ. ಅರ್ಧ ತೆಗೆಯುವಷ್ಟರಲ್ಲಿ ಬೆಳಕು ಹೋಗುತ್ತದೆ. ಉಳಿದ ಅರ್ಧ ತೆಗೆಯುವುದು ಮೂರು ದಿನ ಬಿಟ್ಟು. ಅಮ್ಮನ ಎಡಗೈಯಲ್ಲಿ ಹಸಿರು ಬಳೆ ಎಷ್ಟಿದ್ದವು? ಮಗಳ ಜಡೆ ಯಾವ ಹೆಗಲ ಮೇಲಿತ್ತು? ಕುಂಕುಮ ಬೆವರಿಗೆ ಎಷ್ಟು ಹರಡಿತ್ತು? ಮೊರದಲ್ಲಿ ಕಾಳು ಎಲ್ಲಿವರೆಗೆ ತುಂಬಿತ್ತು? ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರಾ, ಇಲ್ಲವಾ? ಎಲ್ಲ ಬರೆದಿಡಬೇಕು. ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಂಡರೆ ಸಾಲದು. ಯಾವ ಮಾತಿಗೆ ಅಮ್ಮ ತಲೆ ಎತ್ತಿದರು, ಯಾವ ಮಾತಿಗೆ ಮಗಳ ಕೈ ನಿಂತಿತು, ಅದೂ ಬೇಕು. ಎಡಿಟಿಂಗ್‌ನಲ್ಲಿ ಎರಡು ಶಾಟ್ ಕೂಡಿಸುವಾಗ ಆ ಕೈ ಹೊಂದದಿದ್ದರೆ ನಟಿ ಎಷ್ಟು ಚೆನ್ನಾಗಿ ಮಾಡಿದ್ದರೂ ಆ ಟೇಕ್ ಬಿಸಾಕಬೇಕಾಗುತ್ತದೆ.

ಅದೇ ಬಳೆ ಸೌಂಡ್‌ಗೆ ಶತ್ರು. ಡಬ್ಬಿಂಗ್ ಇಲ್ಲದೆ ಶೂಟಿಂಗ್ ಜಾಗದಲ್ಲೇ ಮಾತು ರೆಕಾರ್ಡ್ ಮಾಡುವುದಕ್ಕೆ ಸಿಂಕ್ ಸೌಂಡ್ ಅನ್ನುತ್ತಾರೆ. ಗಾಜಿನ ಬಳೆ ಒಂದಕ್ಕೊಂದು ತಾಗಿದರೆ ಪಿಸುಮಾತು ಮುಳುಗಿಹೋಗುತ್ತದೆ. ಪಾತ್ರ ಮುತ್ತೈದೆಯದು, ಬಳೆ ತೆಗೆಸುವ ಹಾಗಿಲ್ಲ. ಆಗ ಬಳೆಗಳ ಒಳಗಡೆಯಿಂದ ಕ್ಯಾಮೆರಾಗೆ ಕಾಣದ ಹಾಗೆ ತೆಳ್ಳಗಿನ ಟೇಪ್ ಅಂಟಿಸಬೇಕು. ಮೈಕ್ ಅನ್ನು ಸೆರಗಿನ ಮಡಿಕೆಯಲ್ಲಿ ಬಚ್ಚಿಡಬೇಕು. ಬಟ್ಟೆ ಗರಿಗರಿಯಾಗಿದ್ದರೆ ಅದರ ಸರಸರ ಸದ್ದೂ ಮೈಕ್‌ಗೆ ಬರುತ್ತದೆ. ಹಾಗಾಗಿ ಹೊಸ ಸೀರೆಯನ್ನು ಟೀ ಡಿಕಾಕ್ಷನ್‌ನಲ್ಲಿ ನೆನೆಸಿ, ಕಲ್ಲಿನ ಮೇಲೆ ಒಗೆದು, ಮೆತ್ತಗೆ ಮಾಡಿ, ಹಳೇದಾಗಿಸಬೇಕು. ಬಟ್ಟೆ ನೋಡಿಕೊಳ್ಳುವವಳಿಗೆ ಸೌಂಡ್ ಗೊತ್ತಿದ್ದರೆ ಎಷ್ಟು ಲಾಭ ನೋಡಿ. ಎರಡೂ ಗೊತ್ತಿರುವವಳು ಎಡಿಟಿಂಗ್‌ಗೂ ಕೂತರೆ, ಯಾವ ಟೇಕ್‌ನಲ್ಲಿ ಯಾವ ಸದ್ದು ಸ್ವಚ್ಛವಾಗಿದೆ ಅಂತ ಹುಡುಕಬೇಕಾಗಿಯೇ ಇಲ್ಲ. ಒಬ್ಬರೇ ಹಲವು ಕೆಲಸ ಮಾಡುವುದು ಬರೀ ಬಡತನದ ಲೆಕ್ಕಾಚಾರ ಅಲ್ಲ. ಅದರಲ್ಲಿ ಒಂದು ಕಸುಬುದಾರಿಕೆ ಇದೆ. ಅದನ್ನು ನಾವು ಪ್ರೀತಿಯಿಂದ ಕಲಿತಿದ್ದೇವೆ.

ಇಷ್ಟೆಲ್ಲ ಆದಾಗ ಪಕ್ಕದ ತೋಟದಲ್ಲಿ ಬೋರ್‌ವೆಲ್ ಮೋಟರ್ ಶುರುವಾಗುತ್ತದೆ. ತ್ರೀ ಫೇಸ್ ಕರೆಂಟ್ ಬರುವುದೇ ದಿನಕ್ಕೆ ಕೆಲವು ಗಂಟೆ. ರೈತನಿಗೆ ಮೋಟರ್ ನಿಲ್ಲಿಸು ಅಂತ ಹೇಳುವುದು ಹೇಗೆ? ಹೋಗಿ ಮನೆಯವರ ಹತ್ತಿರ ಕೂತು, ನಾಲ್ಕು ಮಾತಾಡಿ, ಒಂದು ಟೇಕ್ ಮುಗಿಯುವವರೆಗೆ ಅಂತ ಒಪ್ಪಿಸಿ ಬರುವವಳೂ ಅವಳೇ. ದೊಡ್ಡ ಸಿನಿಮಾದಲ್ಲಾದರೆ ಅದಕ್ಕೆ ಪ್ರೊಡಕ್ಷನ್ ಮ್ಯಾನೇಜರ್ ಅಂತ ಒಬ್ಬರು, ಅವರ ಕೈಕೆಳಗೆ ನಾಲ್ಕು ಜನ ಇರುತ್ತಾರೆ.

ಕೊನೆಗೆ ಟೈಟಲ್ ಬರುತ್ತದೆ. ನಾನು ಕೆಲಸ ಮಾಡಿದ ಒಂದು ಸಿನಿಮಾದಲ್ಲಿ ಬಟ್ಟೆ, ಕಂಟಿನ್ಯುಟಿ, ಸಂಭಾಷಣೆ ತಿದ್ದುವುದು, ಮೊದಲ ಹಂತದ ಎಡಿಟಿಂಗ್ ಇಷ್ಟೂ ನನ್ನವು. ನನ್ನ ಹೆಸರು ಇದ್ದಿದ್ದು ಕೊನೆಯಲ್ಲಿ ಓಡುವ ಕೃತಜ್ಞತೆಯ ಪಟ್ಟಿಯಲ್ಲಿ. ಕೇಳಿದ್ದಕ್ಕೆ, 'ನಾವೆಲ್ಲ ಒಂದೇ ಮನೆಯವರ ಹಾಗೆ ಇದ್ವಿ ಅಲ್ವಾ, ಹೆಸರಿಗೆಲ್ಲ ಯಾಕೆ ಬೇಜಾರು' ಅಂದರು. ಅವರು ಕೆಟ್ಟವರಲ್ಲ. ಅವರ ಕೈಯಲ್ಲೂ ದುಡ್ಡಿರಲಿಲ್ಲ. ಆದರೆ ಮನೆಯಲ್ಲಿ ಹೆಂಗಸರು ಮಾಡುವ ಕೆಲಸವನ್ನು ಯಾರೂ ಲೆಕ್ಕ ಇಡುವುದಿಲ್ಲ. ಸಿನಿಮಾ ಕೂಡ ಮನೆ ಅಂತ ಆದ ಕೂಡಲೇ ಅದೇ ಲೆಕ್ಕ ಇಲ್ಲಿಗೂ ಬಂತು.

ಗಂಡಸರೂ ಹಲವು ಕೆಲಸ ಮಾಡುತ್ತಾರೆ, ನಿಜ. ಅವರದ್ದು 'ಕಥೆ, ಚಿತ್ರಕಥೆ, ಸಂಭಾಷಣೆ, ನಿರ್ದೇಶನ' ಅಂತ ಒಂದೇ ಕಾರ್ಡ್‌ನಲ್ಲಿ ದೊಡ್ಡ ಅಕ್ಷರದಲ್ಲಿ ಬರುತ್ತದೆ. ಜನ ಚಪ್ಪಾಳೆ ಹೊಡೆಯುತ್ತಾರೆ. ಅದೇ ಹೆಣ್ಣುಮಗಳು ಮಾಡಿದರೆ 'ಪಾಪ, ತುಂಬಾ ಹೊಂದಿಕೊಂಡು ಹೋಗ್ತಾಳೆ' ಅನ್ನುವ ಮಾತು ಬರುತ್ತದೆ. ಮುಂದಿನ ಸಿನಿಮಾಕ್ಕೆ ಹೋದಾಗ ನಿಮ್ಮ ಕ್ರೆಡಿಟ್ ಏನಿದೆ ಅಂತ ಕೇಳುತ್ತಾರೆ. ತೋರಿಸಲು ಏನೂ ಇಲ್ಲ. ಕ್ರೆಡಿಟ್ ಇಲ್ಲದಿದ್ದರೆ ಸಂಬಳ ಮೇಲೇರುವುದಿಲ್ಲ. ಸಿನಿಮಾ ಕೆಲಸಗಾರರ ಒಕ್ಕೂಟದ ಸದಸ್ಯತ್ವ ಸಿಗುವುದಿಲ್ಲ. ಚಿತ್ರಕಥೆ ಕಾರ್ಯಾಗಾರಗಳಿಗೆ ಅರ್ಜಿ ಹಾಕಲು ಆಗುವುದಿಲ್ಲ. ಮತ್ತೆ ಮೊದಲಿನಿಂದ ಅಸಿಸ್ಟೆಂಟ್. ಹತ್ತು ವರ್ಷ ದುಡಿದ ಮೇಲೂ ಹೊಸಬಳಾಗಿಯೇ ಉಳಿದವರನ್ನು ನಾನು ಬಲ್ಲೆ.

ನಮ್ಮ ಮೂರು ಜಿಲ್ಲೆಗಳಿಗೆ ಇದು ಹೊಸ ವಿಷಯ ಏನಲ್ಲ. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿಯ ಊರು ನಮ್ಮದು. ಗಂಡಸರೇ ಸೀರೆ ಉಟ್ಟು ಹೆಣ್ಣು ಪಾತ್ರ ಮಾಡುತ್ತಿದ್ದ ಕಾಲದಲ್ಲಿ ಗುಬ್ಬಿ ವೀರಣ್ಣನವರು ಹೆಣ್ಣುಮಕ್ಕಳನ್ನು ರಂಗಕ್ಕೆ ತಂದರು. ಬಿ. ಜಯಮ್ಮನವರು ಅಲ್ಲಿ ನಟಿಸಿದರು, ಹಾಡಿದರು, ಅಲ್ಲಿಂದ ಸಿನಿಮಾಕ್ಕೂ ಬಂದರು. ನಟಿ ಎಂ.ವಿ. ರಾಜಮ್ಮನವರು 1943ರಲ್ಲೇ 'ರಾಧಾರಮಣ' ನಿರ್ಮಿಸಿ ಕನ್ನಡದ ಮೊದಲ ನಿರ್ಮಾಪಕಿ ಆದರು. ಇಡೀ ದೇಶದ ಲೆಕ್ಕ ತೆಗೆದುಕೊಂಡರೆ, ಫಾತ್ಮಾ ಬೇಗಂ ನಟಿಯಾಗಿದ್ದುಕೊಂಡೇ 1926ರಲ್ಲಿ ಸ್ವಂತ ಸಿನಿಮಾ ನಿರ್ದೇಶಿಸಿದರು.

ನನಗೆ ಎಲ್ಲರಿಗಿಂತ ಹತ್ತಿರ ಅನ್ನಿಸುವವರು ಪ್ರೇಮಾ ಕಾರಂತರು. ಹುಟ್ಟಿದ್ದು ಭದ್ರಾವತಿಯಲ್ಲಿ. ಚಿಕ್ಕಂದಿನಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡು ಶಿಡ್ಲಘಟ್ಟದಲ್ಲಿ ತಾತನ ಆಸರೆಯಲ್ಲಿ ಬೆಳೆದರು. ಮೇಷ್ಟ್ರಾಗಿ ದುಡಿದರು, ನಾಟಕ ಕಲಿತರು, ಮಕ್ಕಳ ನಾಟಕ ಮಾಡಿಸಿದರು. 1975ರ 'ಹಂಸಗೀತೆ'ಗೆ ವಸ್ತ್ರವಿನ್ಯಾಸ ಮಾಡಿದರು. 1977ರ 'ಕುದುರೆ ಮೊಟ್ಟೆ'ಗೆ ಕಲಾ ನಿರ್ದೇಶನ ಮಾಡಿ, ಕನ್ನಡ ಸಿನಿಮಾದಲ್ಲಿ ಆ ಕೆಲಸ ಮಾಡಿದ ಮೊದಲ ಹೆಣ್ಣುಮಗಳಾದರು. ಅದಾದ ಮೇಲೆ ಎಂ.ಕೆ. ಇಂದಿರಾ ಅವರ ಕಾದಂಬರಿ ಇಟ್ಟುಕೊಂಡು 'ಫಣಿಯಮ್ಮ' ನಿರ್ದೇಶಿಸಿದರು. ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಬಾಲವಿಧವೆಯೊಬ್ಬಳ ಕಥೆ ಅದು. ಅಂಥವಳ ಬದುಕು ಮಾತಿನಲ್ಲಿ ಕಾಣುವುದು ಕಡಿಮೆ. ಅವಳು ಉಡುವ ಬಟ್ಟೆಯಲ್ಲಿ, ಅವಳಿಗೆ ಬಿಟ್ಟುಕೊಟ್ಟ ಅಡುಗೆಮನೆಯ ಮೂಲೆಯಲ್ಲಿ, ಹಿತ್ತಲಿನಲ್ಲಿ ಜಾಸ್ತಿ ಕಾಣುತ್ತದೆ. ಬಟ್ಟೆಯ ಕೆಲಸ, ಮನೆ ಕಟ್ಟುವ ಕೆಲಸ ಎರಡನ್ನೂ ಕೈಯಾರೆ ಮಾಡಿ ಬಂದ ನಿರ್ದೇಶಕಿಗೆ ಅದು ಗೊತ್ತಿತ್ತು ಅಂತ ನಾನು ನಂಬುತ್ತೇನೆ. ಅವರು ಉಡುಪಿನಿಂದ ಕಲೆಗೆ, ಕಲೆಯಿಂದ ನಿರ್ದೇಶನಕ್ಕೆ ಬಂದ ದಾರಿ ಇವತ್ತು ನಮಗೆ ಗೊತ್ತಾಗುವುದಕ್ಕೆ ಕಾರಣ ಏನು? ಆಯಾ ಕೆಲಸಕ್ಕೆ ಅವರ ಹೆಸರು ದಾಖಲಾಗಿದೆ, ಅದಕ್ಕೆ. ಅವರನ್ನು 'ಕೃತಜ್ಞತೆ' ಪಟ್ಟಿಗೆ ಹಾಕಿಬಿಟ್ಟಿದ್ದರೆ ಶಿಡ್ಲಘಟ್ಟದ ಹುಡುಗಿಗೆ ತನ್ನೂರಲ್ಲಿ ಬೆಳೆದವರೊಬ್ಬರು ಹೀಗೆ ಇದ್ದರು ಅಂತ ಹೇಳಲು ನಮ್ಮ ಹತ್ತಿರ ಏನಿರುತ್ತಿತ್ತು?

ಮುಳಬಾಗಿಲು ಕಡೆಯ ಸೌಂದರ್ಯ ಅವರನ್ನೂ ನೆನೆಸಿಕೊಳ್ಳಬೇಕು. ದಕ್ಷಿಣದ ಸಿನಿಮಾಗಳಲ್ಲಿ ದೊಡ್ಡ ನಾಯಕಿಯಾಗಿದ್ದ ಹೊತ್ತಿನಲ್ಲಿ ಸ್ವಂತ ದುಡ್ಡು ಹಾಕಿ 2002ರಲ್ಲಿ 'ದ್ವೀಪ' ನಿರ್ಮಿಸಿದರು. ಗಿರೀಶ ಕಾಸರವಳ್ಳಿ ನಿರ್ದೇಶನ. ಅಣೆಕಟ್ಟಿನ ನೀರಿನಲ್ಲಿ ಮುಳುಗುವ ಊರಿನ ಹೆಂಗಸಿನ ಪಾತ್ರವನ್ನು ತಾವೇ ಮಾಡಿದರು. ಆ ವರ್ಷ ದೇಶದ ಅತ್ಯುತ್ತಮ ಸಿನಿಮಾ ಅಂತ ಸ್ವರ್ಣಕಮಲ ಬಂದಿದ್ದು ಅದಕ್ಕೇ. ಎರಡು ವರ್ಷ ಆಗುವಷ್ಟರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಇನ್ನೂ ಎಂಥೆಂಥ ಸಿನಿಮಾ ನಿರ್ಮಿಸುತ್ತಿದ್ದರೋ ಅಂತ ಈಗಲೂ ಸಂಕಟ ಆಗುತ್ತದೆ. ಕೋಲಾರದಲ್ಲಿ ಯಾರನ್ನು ಕೇಳಿದರೂ ಸೌಂದರ್ಯ ನಮ್ಮೂರ ಹುಡುಗಿ ಅನ್ನುತ್ತಾರೆ. ಅವರು ನಿರ್ಮಾಪಕಿ ಅಂತ ನೆನಪಿಸಿಕೊಳ್ಳುವವರು ಕಡಿಮೆ.

ಈಗಿನವರಲ್ಲಿ ಅಸ್ಸಾಮಿನ ರಿಮಾ ದಾಸ್ ಹೆಸರು ನೀವು ಕೇಳಿರುತ್ತೀರಿ. 'ವಿಲೇಜ್ ರಾಕ್‌ಸ್ಟಾರ್ಸ್' ಅಂತ ಒಂದು ಸಿನಿಮಾ. ಬರೆದಿದ್ದು, ನಿರ್ದೇಶಿಸಿದ್ದು, ನಿರ್ಮಿಸಿದ್ದು, ಕ್ಯಾಮೆರಾ ಹಿಡಿದಿದ್ದು, ಎಡಿಟ್ ಮಾಡಿದ್ದು ಎಲ್ಲ ಅವರೇ. ತಮ್ಮ ಹಳ್ಳಿಯ ಮಕ್ಕಳನ್ನೇ ಇಟ್ಟುಕೊಂಡು ತೆಗೆದರು. 2018ರಲ್ಲಿ ಪ್ರಕಟವಾದ ರಾಷ್ಟ್ರಪ್ರಶಸ್ತಿಗಳಲ್ಲಿ ಅದು ಅತ್ಯುತ್ತಮ ಚಿತ್ರ ಆಯಿತು. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಬೇರೆ. ರಿಮಾ ಅವರಿಗೆ ಅತ್ಯುತ್ತಮ ಸಂಕಲನಕ್ಕೆ ಅಂತ ಬೇರೆಯದೇ ಪ್ರಶಸ್ತಿ ಕೊಟ್ಟರು. ಶೂಟಿಂಗ್ ಜಾಗದಲ್ಲಿ ಸೌಂಡ್ ರೆಕಾರ್ಡ್ ಮಾಡಿದ ಮಲ್ಲಿಕಾ ದಾಸ್ ಅವರಿಗೂ ಬೇರೆ ಪ್ರಶಸ್ತಿ ಬಂತು. ಎಲ್ಲ ಸೇರಿಸಿ ಒಂದೇ ಶಾಲು ಹೊದಿಸಿ ಕಳಿಸಲಿಲ್ಲ. ಎಡಿಟಿಂಗ್ ಕೆಲಸವನ್ನು ಎಡಿಟಿಂಗ್ ಅಂತಲೇ ತೂಗಿ ನೋಡಿದರು. ನಾವು ಕೇಳುತ್ತಿರುವುದೂ ಅದನ್ನೇ.

ಆದರೆ ಆ ಸಿನಿಮಾ ಗೆದ್ದ ಮೇಲೆ ಒಂದು ತೊಂದರೆಯೂ ಶುರುವಾಯಿತು. 'ರಿಮಾ ದಾಸ್ ಒಬ್ಬರೇ ಮಾಡಲಿಲ್ವಾ, ನೀನೂ ಮಾಡು' ಅಂತ ಹೇಳುವವರು ಜಾಸ್ತಿಯಾದರು. ಒಬ್ಬಳು ತನಗೆ ಬೇಕು ಅಂತ ಕ್ಯಾಮೆರಾ ಹಿಡಿಯುವುದು ಬೇರೆ. ಕ್ಯಾಮೆರಾಮನ್‌ಗೆ ಕೊಡಲು ದುಡ್ಡಿಲ್ಲ ಅಂತ ಅವಳ ಕೈಗೆ ಕ್ಯಾಮೆರಾ ಕೊಡುವುದು ಬೇರೆ. ಮೊದಲನೆಯದು ಸ್ವಾತಂತ್ರ್ಯ. ಎರಡನೆಯದರಲ್ಲಿ ಯಾರೋ ಉಳಿಸಿಕೊಂಡ ಸಂಬಳ ಅವಳ ಮೈಮೇಲೆ ಬಿದ್ದಿರುತ್ತದೆ. ಪತ್ರಿಕೆಯವರು ದಯವಿಟ್ಟು ಇದನ್ನು ಗಮನಿಸಬೇಕು. 'ಒಬ್ಬಂಟಿ ಸಾಧಕಿ' ಅಂತ ಹೊಗಳಿ ಬರೆಯುವಾಗ ಅವಳಿಗೆ ಎಷ್ಟು ಕೆಲಸಕ್ಕೆ ಸಂಬಳ ಬಂತು ಅಂತಲೂ ಒಂದು ಮಾತು ಕೇಳಿ.

ಕನ್ನಡದಲ್ಲೂ ಇಂಥವರು ಕಡಿಮೆ ಇಲ್ಲ. ಡಬ್ಬಿಂಗ್ ಕಲಾವಿದೆಯಾಗಿ, ರಂಗಭೂಮಿಯಲ್ಲಿ ದುಡಿದು ಬಂದ ಚಂಪಾ ಶೆಟ್ಟಿ ನಿರ್ದೇಶನಕ್ಕೆ ಬಂದರು. ನಟಿಯಾಗಿದ್ದ ಅನನ್ಯಾ ಕಾಸರವಳ್ಳಿ ನಿರ್ದೇಶಕಿಯಾದರು. ರೂಪಾ ರಾವ್ ತಾವೇ ಬರೆದು ನಿರ್ದೇಶಿಸಿದರು. ಇವರ ಹೆಸರು ನಮಗೆ ಧೈರ್ಯ ಕೊಡುತ್ತದೆ. ಆದರೆ ನಿರ್ದೇಶಕಿ ಆದವರ ಹೆಸರು ಮಾತ್ರ ಹೊರಗೆ ಬರುತ್ತದೆ. ಅವರ ಪಕ್ಕದಲ್ಲಿ, ಅವರಿಗಿಂತ ಹಿಂದೆ ನಿಂತು ಮೂರು ನಾಲ್ಕು ಕೆಲಸ ಮಾಡುವ ಹೆಣ್ಣುಮಕ್ಕಳ ಲೆಕ್ಕ ಎಲ್ಲೂ ಇಲ್ಲ.

ನಮ್ಮ ಕಡೆಯ ಪೌರಾಣಿಕ ನಾಟಕದ ಕಲಾವಿದೆಯರ ವಿಷಯ ಹೇಳದೆ ಮುಂದೆ ಹೋಗಲಾರೆ. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಇವತ್ತಿಗೂ ಜಾತ್ರೆಗೆ, ಹಬ್ಬಕ್ಕೆ 'ಕುರುಕ್ಷೇತ್ರ' ಆಡುತ್ತಾರೆ. ಊರಿನ ಗಂಡಸರು ದುರ್ಯೋಧನ, ಭೀಮ ಆಗುತ್ತಾರೆ. ದ್ರೌಪದಿ, ರುಕ್ಮಿಣಿ, ಕುಂತಿ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರು ಬರುತ್ತಾರೆ. ಅವರೇ ಸೀರೆ, ಒಡವೆ, ಟೋಪನ್ (ಕಟ್ಟುಕೂದಲು) ತರುತ್ತಾರೆ. ಹಾರ್ಮೋನಿಯಂ ಮೇಷ್ಟ್ರ ಶ್ರುತಿಗೆ ಹೊಂದಿಕೊಂಡು ಬೆಳಗಿನ ಜಾವದವರೆಗೆ ಹಾಡುತ್ತಾರೆ. ಎದುರಿನ ಪಾತ್ರಧಾರಿ ಮಾತು ಮರೆತರೆ ಮೆಲ್ಲಗೆ ಎತ್ತಿಕೊಡುತ್ತಾರೆ. ಇವತ್ತು ಸಣ್ಣ ಸಿನಿಮಾಗಳು ಇವರನ್ನು ಕರೆಯುತ್ತಿವೆ, ಒಳ್ಳೆಯದೇ. ಆದರೆ ಬಂದ ಮೇಲೆ ಅವರು ಬರೀ ನಟಿಸುವುದಿಲ್ಲ. ಊರಿನ ಉಳಿದ ನಟರಿಗೆ ತಾಲೀಮು ಕೊಡುತ್ತಾರೆ. ಇನ್ನೊಬ್ಬರಿಗೆ ಸೀರೆ ಉಡಿಸುತ್ತಾರೆ. ಹಾಡು ಬೇಕಾದರೆ ಹಾಡು ಕೊಡುತ್ತಾರೆ. ಟೈಟಲ್‌ನಲ್ಲಿ 'ಮತ್ತು ಗ್ರಾಮಸ್ಥರು' ಅಂತ ಒಂದೇ ಸಾಲು.

ಭಾಷೆಯ ಕೆಲಸವೂ ಹೀಗೇ. ಪಾವಗಡ, ಬಾಗೇಪಲ್ಲಿ, ಚಿಂತಾಮಣಿ, ಮುಳಬಾಗಿಲು ಕಡೆ ಎಷ್ಟೋ ಮನೆಗಳಲ್ಲಿ ತೆಲುಗು. ಬೀದಿಗೆ ಬಂದರೆ ಕನ್ನಡ. ಒಂದೇ ವಾಕ್ಯದಲ್ಲಿ ಎರಡೂ ಬರುತ್ತವೆ. ಬೆಂಗಳೂರಿನಲ್ಲಿ ಕೂತು ಬರೆದ ಸಂಭಾಷಣೆ ಇಲ್ಲಿನ ಅಜ್ಜಿಯ ಬಾಯಲ್ಲಿ ನಿಲ್ಲುವುದಿಲ್ಲ. ಅದನ್ನು ಸಾಲು ಸಾಲಾಗಿ ತಿದ್ದಿ, ನಟರಿಗೆ ಹೇಳಿಕೊಟ್ಟು, ಶೂಟಿಂಗ್‌ನಲ್ಲಿ ಮಾನಿಟರ್ ಪಕ್ಕ ನಿಂತು ಪ್ರತಿ ಟೇಕ್ ಕೇಳುವವಳು ಊರಿನ ಹುಡುಗಿ. ಆಮೇಲೆ ವಿಮರ್ಶೆಯಲ್ಲಿ 'ಮಣ್ಣಿನ ಭಾಷೆ ಅದ್ಭುತ' ಅಂತ ಬರುತ್ತದೆ. ಆ ಹುಡುಗಿಯ ಹೆಸರು ಬರುವುದಿಲ್ಲ.

ಈಗ ನಿಮ್ಮ ಕೈಯಲ್ಲಿರುವ ವಿಷಯಕ್ಕೆ ಬರುತ್ತೇನೆ.

ಸಹಾಯಧನದ ಅರ್ಜಿಯ ಜೊತೆ ಒಂದು ಹಾಳೆ ಕಡ್ಡಾಯ ಮಾಡಿ. ಅದರಲ್ಲಿ ಕೆಲಸ ಯಾವುದು, ಮಾಡಿದವರು ಯಾರು, ಎಷ್ಟು ದಿನ, ಎಷ್ಟು ಪೇಮೆಂಟ್, ಅದು ಬ್ಯಾಂಕ್ ಖಾತೆಗೆ ಹೋಗಿದೆಯಾ, ಕೊನೆಗೆ ಕೆಲಸ ಮಾಡಿದವರ ಸಹಿ. ಒಬ್ಬರ ಹೆಸರು ಐದು ಸಾಲಿನಲ್ಲಿ ಬಂದರೆ ಬರಲಿ. ಸಿನಿಮಾದ ಟೈಟಲ್‌ಗೂ ಈ ಹಾಳೆಗೂ ತಾಳೆ ಆಗಬೇಕು. ಆಗದಿದ್ದರೆ ತಿದ್ದಿಕೊಂಡು ಬನ್ನಿ ಅನ್ನಿ. ಪೇಮೆಂಟ್ ಕೊಡಲು ಆಗಿಲ್ಲ ಅನ್ನುವ ಸಿನಿಮಾಗಳೂ ಇರುತ್ತವೆ, ನನಗೆ ಗೊತ್ತು. ಕೊಡಬೇಕಾದ ಬಾಕಿ ಇಷ್ಟು ಅಂತ ಅದರಲ್ಲೇ ಬರೆಯಲಿ. ಸಹಾಯಧನ ಬಂದ ಕೂಡಲೇ ಮೊದಲು ಆ ಬಾಕಿ ತೀರಲಿ. ಇದಕ್ಕೆ ಹೊಸ ಕಾಯ್ದೆ ಬೇಕಾಗಿಲ್ಲ. ಹೊಸ ಕಟ್ಟಡವೂ ಬೇಕಾಗಿಲ್ಲ.

2024ರಲ್ಲಿ ನಮ್ಮ ಸರ್ಕಾರ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಗೆ ಅಂತ ಕಾಯ್ದೆ ತಂದಿತು. ಒಳ್ಳೆಯ ಹೆಜ್ಜೆ. ಅದರಡಿ ನೋಂದಣಿ ಮಾಡುವಾಗ ಒಬ್ಬರಿಗೆ ಒಂದೇ ಕಸುಬು ಅಂತ ಕಟ್ಟಿಹಾಕಬೇಡಿ. ಅರ್ಧ ವರ್ಷ ವಸ್ತ್ರವಿನ್ಯಾಸ, ಅರ್ಧ ವರ್ಷ ಎಡಿಟಿಂಗ್ ಮಾಡುವವಳು ಎರಡೂ ಕಡೆ ಅರೆಕಾಲಿಕ ಅಂತ ಆಗಿ, ಎಲ್ಲೂ ಸಲ್ಲದವಳಾಗಬಾರದು. ನಾಟಕದ ಕಲಾವಿದೆಯರಿಗೂ ಅದರಲ್ಲಿ ಜಾಗ ಇರಲಿ.

ದುಡ್ಡು ಬರುವ ಹೊತ್ತಿನ ಬಗ್ಗೆಯೂ ಹೇಳಬೇಕು. ಸಹಾಯಧನ ಸಿಗುವುದು ಸಿನಿಮಾ ಮುಗಿದು, ಸೆನ್ಸಾರ್ ಆದ ಮೇಲೆ. ಅಷ್ಟರವರೆಗೆ ದುಡ್ಡು ಹಾಕುವುದು ಯಾರು? ಗಂಡುಮಕ್ಕಳಾದರೆ ಜಮೀನಿನ ಮೇಲೆ ಸಾಲ ಎತ್ತುತ್ತಾರೆ, ಸ್ನೇಹಿತರ ಹತ್ತಿರ ಕೈಗಡ ತೆಗೆಯುತ್ತಾರೆ. ನಮ್ಮ ಹೆಣ್ಣುಮಕ್ಕಳ ಹೆಸರಲ್ಲಿ ಜಮೀನು ಎಲ್ಲಿದೆ? ಮೈಮೇಲಿನ ಒಡವೆ ಅಡ ಇಡಬೇಕು. ಪ್ರಶಸ್ತಿಯ ದುಡ್ಡು ನೆಚ್ಚಿಕೊಳ್ಳೋಣ ಅಂದರೆ, 2019ರ ಸಿನಿಮಾಗಳಿಗೆ ರಾಜ್ಯ ಪ್ರಶಸ್ತಿ ಪ್ರಕಟವಾಗಿದ್ದು 2025ರ ಜನವರಿಯಲ್ಲಿ. ನಡುವೆ ಕೊರೊನಾ ಬಂತು, ಒಪ್ಪುತ್ತೇನೆ. ಆದರೂ ಅಷ್ಟು ವರ್ಷ ಬಡ್ಡಿ ಕಟ್ಟುವ ಶಕ್ತಿ ಸಣ್ಣ ಸಿನಿಮಾದವರಿಗೆ ಇರುವುದಿಲ್ಲ.

ಪಕ್ಕದ ಕೇರಳದಲ್ಲಿ ಇದಕ್ಕೆ ಒಂದು ದಾರಿ ಮಾಡಿದ್ದಾರೆ. ಅಲ್ಲಿನ ಸರ್ಕಾರಿ ಚಲನಚಿತ್ರ ಅಭಿವೃದ್ಧಿ ನಿಗಮ 2019ರಿಂದ ಮಹಿಳಾ ನಿರ್ದೇಶಕಿಯರ ಚಿತ್ರಕಥೆಗಳನ್ನು ಆಯ್ದು, ಒಂದೊಂದು ಸಿನಿಮಾಕ್ಕೆ 1.5 ಕೋಟಿ ರೂಪಾಯಿವರೆಗೆ ಕೊಟ್ಟು ತಾನೇ ನಿರ್ಮಿಸುತ್ತಿದೆ. ತಾರಾ ರಾಮಾನುಜನ್ ಅವರ 'ನಿಷಿದ್ಧೋ', ಶ್ರುತಿ ಶರಣ್ಯಂ ಅವರ 'ಬಿ 32 ಮುತಲ್ 44 ವರೆ' ಹಾಗೆ ಬಂದವು. ಸಿನಿಮಾ ಶುರುವಾಗುವ ಮೊದಲೇ ದುಡ್ಡು ಇದ್ದರೆ ನಿರ್ದೇಶಕಿ ಕ್ಯಾಮೆರಾಗೆ ಒಬ್ಬರನ್ನು, ಸೌಂಡ್‌ಗೆ ಒಬ್ಬರನ್ನು ಸಂಬಳ ಕೊಟ್ಟು ಕರೆಯಬಹುದು. ಯಾವುದು ತಾನೇ ಮಾಡಬೇಕು, ಯಾವುದು ಬೇಡ ಅಂತ ಅವಳೇ ತೀರ್ಮಾನ ಮಾಡಬಹುದು. ನಮ್ಮಲ್ಲಿ ಅಷ್ಟೇ ದುಡ್ಡು ಕೊಡಿ ಅಂತ ನಾನು ಹಟ ಹಿಡಿಯುವುದಿಲ್ಲ. ಸಹಾಯಧನದಲ್ಲೇ ಒಂದು ಪಾಲು ಮೊದಲ ಸಿನಿಮಾ ಮಾಡುವ ಹೆಣ್ಣುಮಕ್ಕಳಿಗೆ ಚಿತ್ರಕಥೆ ನೋಡಿ ಮುಂಗಡವಾಗಿ ಕೊಡಿ. ಮೈಸೂರಿನಲ್ಲಿ 150 ಎಕರೆಯ ಚಿತ್ರನಗರಿ ಬರುತ್ತದೆ ಅಂತ 2025ರ ಬಜೆಟ್‌ನಲ್ಲಿ ಹೇಳಿದ್ದೀರಿ, ಬರಲಿ. ಅದರ ಜೊತೆ ಜಿಲ್ಲೆಗಳಿಗೂ ಸ್ವಲ್ಪ ಕೊಡಿ.

ಜಿಲ್ಲೆಗೆ ಏನು ಬೇಕು? ತುಂಬಾ ಏನಿಲ್ಲ. ಎಡಿಟಿಂಗ್‌ಗೆ ನಾವು ಬೆಂಗಳೂರಿಗೆ ಹೋಗಬೇಕು. ತುಮಕೂರಿನಿಂದ 70 ಕಿಲೋಮೀಟರ್. ಕಡಿಮೆ ದುಡ್ಡಿನವರಿಗೆ ಸ್ಟುಡಿಯೋ ಸಿಗುವುದು ರಾತ್ರಿ ಹೊತ್ತು, ಬಾಡಿಗೆ ಆಗ ಅಗ್ಗ. ಕೆಲಸ ಮುಗಿಯುವುದು ನಡುರಾತ್ರಿ ದಾಟಿದ ಮೇಲೆ. ಮೊದಲ ರೈಲಿನವರೆಗೆ ಯಶವಂತಪುರ ಸ್ಟೇಷನ್‌ನಲ್ಲಿ ಹಾರ್ಡ್‌ಡಿಸ್ಕ್ ಇರುವ ಬ್ಯಾಗನ್ನು ಎದೆಗೆ ಅವಚಿಕೊಂಡು ಕೂತಿರುವ ಹುಡುಗಿಗೆ ಮನೆಯವರು ಎಷ್ಟು ಸಲ ಹೂಂ ಅನ್ನುತ್ತಾರೆ? ಎಷ್ಟೋ ಜನ ಎಡಿಟಿಂಗ್ ಬಿಟ್ಟಿದ್ದು ಕೆಲಸ ಬಾರದೆ ಅಲ್ಲ, ಈ ಕಾರಣಕ್ಕೆ. ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಂಥ ಜಾಗದಲ್ಲಿ ಒಂದು ಕೋಣೆ ಕೊಡಿ. ಎರಡು ಒಳ್ಳೆಯ ಕಂಪ್ಯೂಟರ್, ಸದ್ದು ಹೊರಗೆ ಹೋಗದ ಒಂದು ಸಣ್ಣ ರೆಕಾರ್ಡಿಂಗ್ ಜಾಗ, ಬಾಡಿಗೆಗೆ ಸಿಗುವ ಒಂದು ಸೆಟ್ ಮೈಕ್. ಕೋಲಾರದಲ್ಲಿ ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಸಾಂಸ್ಕೃತಿಕ ಕೇಂದ್ರದವರು ಹುಣ್ಣಿಮೆ ಹುಣ್ಣಿಮೆಗೆ ಹಾಡು, ನಾಟಕ ನಡೆಸಿಕೊಂಡು ಬಂದು ಎಷ್ಟು ಜನರನ್ನು ತಯಾರು ಮಾಡಿದರು ನೋಡಿ. ಜಾಗ ಅಂತ ಒಂದಿದ್ದರೆ ಜನ ತಾವಾಗಿಯೇ ಬರುತ್ತಾರೆ.

ಕೊನೆಯದು ಜಿಲ್ಲಾಧಿಕಾರಿಗಳಿಗೆ. ಮಲಯಾಳಂ ಸಿನಿಮಾದಲ್ಲಿ ಹೆಣ್ಣುಮಕ್ಕಳ ಸ್ಥಿತಿಗತಿ ನೋಡಲು ಮಾಡಿದ್ದ ಕೇರಳದ ಹೇಮಾ ಸಮಿತಿಯ ವರದಿ 2024ರ ಆಗಸ್ಟ್‌ನಲ್ಲಿ ಹೊರಬಂದಾಗ ಎಲ್ಲರೂ ದೊಡ್ಡ ನಟರ ಬಗ್ಗೆ ಮಾತಾಡಿದರು. ಅದರಲ್ಲಿ ಶೌಚಾಲಯದ ವಿಷಯವೂ ಇತ್ತು. ಹೊರಗೆ ಶೂಟಿಂಗ್ ಇದ್ದಾಗ ಹೆಣ್ಣುಮಕ್ಕಳು ನೀರು ಕುಡಿಯದೆ ದಿನ ಕಳೆಯುತ್ತಾರೆ ಅಂತ ಅದರಲ್ಲಿ ಬರೆದಿದ್ದರು. ಓದಿ ನಮಗೆ ಆಶ್ಚರ್ಯ ಆಗಲಿಲ್ಲ. ಸಿರಾ ಕಡೆಯ ಬಯಲಿನಲ್ಲಿ ಏಪ್ರಿಲ್ ಬಿಸಿಲಿಗೆ ನಾವೂ ಹಾಗೇ ಇದ್ದವರು. ಬೂಮ್ ಹಿಡಿದವಳು ಟೇಕ್ ನಡುವೆ ಎದ್ದು ಹೋಗುವ ಹಾಗಿಲ್ಲ. ಅವಳ ಜಾಗಕ್ಕೆ ನಿಲ್ಲಲು ಇನ್ನೊಬ್ಬರು ಇರುವುದಿಲ್ಲ. ಹಲವು ಕೆಲಸ ಒಬ್ಬಳ ಮೇಲೆ ಬಿದ್ದಾಗ ಹೋಗುವುದು ನಿದ್ದೆ ಮಾತ್ರ ಅಲ್ಲ, ಆರೋಗ್ಯವೂ ಹೋಗುತ್ತದೆ. ಸರ್ಕಾರಿ ಜಾಗದಲ್ಲಿ ಶೂಟಿಂಗ್‌ಗೆ ಅನುಮತಿ ಕೊಡುವಾಗ ಶೌಚಾಲಯ, ಬಟ್ಟೆ ಬದಲಿಸುವ ಜಾಗ ಎಲ್ಲಿದೆ ಅಂತ ಬರೆಸಿಕೊಳ್ಳಿ.

ಇನ್ನೊಂದು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಇರಬೇಕು. ನಮ್ಮ ಎಷ್ಟೋ ಯೂನಿಟ್‌ಗಳಲ್ಲಿ ಹತ್ತು ಜನ ಇರುವುದೇ ಇಲ್ಲ. ಒಬ್ಬೊಬ್ಬರೇ ಮೂರು ಕೆಲಸ ಮಾಡಿದರೆ ಇರುವುದಾದರೂ ಹೇಗೆ? ಅಂಥ ಕಡೆಯ ದೂರಿಗೆ ಜಿಲ್ಲೆಯಲ್ಲಿ ಸ್ಥಳೀಯ ಸಮಿತಿ ಇರಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ಸಿನಿಮಾದಲ್ಲಿ ಕೆಲಸ ಮಾಡುವ ನಮ್ಮ ಹುಡುಗಿಯರಲ್ಲಿ ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ತೊಂದರೆ ಆದರೆ ಫಿಲಂ ಚೇಂಬರ್‌ಗೆ ಹೋಗಬೇಕು, ಅಲ್ಲಿ ನಮ್ಮನ್ನು ಯಾರು ಕೇಳುತ್ತಾರೆ ಅಂತ ಸುಮ್ಮನಾಗುತ್ತಾರೆ. ಶೂಟಿಂಗ್ ಅನುಮತಿ ಪತ್ರದ ಕೆಳಗೆ ಆ ಸಮಿತಿಯ ವಿಳಾಸ, ಫೋನ್ ನಂಬರ್ ಅಚ್ಚು ಹಾಕಿಸಿ. ಪತ್ರದ ಒಂದು ಪ್ರತಿಯನ್ನು ಶೂಟಿಂಗ್ ಜಾಗದಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸಬೇಕು ಅಂತ ಷರತ್ತು ಹಾಕಿ.

ಅರ್ಜಿಯ ಹಾಳೆ ಹೇಗಿರಬೇಕು ಅಂತ ನಾವು ಕೆಲವರು ಸೇರಿ ಒಂದು ಕರಡು ತಯಾರು ಮಾಡುತ್ತಿದ್ದೇವೆ. ಕಂಟಿನ್ಯುಟಿ, ಭಾಷೆ ತಿದ್ದುವುದು, ತಾಲೀಮು ಕೊಡುವುದು, ಸ್ಥಳೀಯ ನಟರನ್ನು ಹುಡುಕುವುದು, ಇವೆಲ್ಲ ಅದರಲ್ಲಿ ಬೇರೆ ಬೇರೆ ಸಾಲಾಗಿ ಇರುತ್ತವೆ. ಅಕಾಡೆಮಿ ಒಂದು ದಿನ ಗೊತ್ತು ಮಾಡಿ ಈ ಮೂರು ಜಿಲ್ಲೆಗಳಲ್ಲಿ ಎಲ್ಲಾದರೂ ಒಂದು ಕಡೆ ನಮ್ಮನ್ನು ಕರೆದರೆ ಕರಡು ತಂದು ಕೊಡುತ್ತೇವೆ. ತಪ್ಪಿದ್ದರೆ ಅಲ್ಲೇ ಕೂತು ತಿದ್ದೋಣ. ಮುಂದಿನ ಸಲ ಸಹಾಯಧನಕ್ಕೆ ಅರ್ಜಿ ಕರೆಯುವಾಗ ಆ ಹಾಳೆ ಅದರ ಜೊತೆಗಿರಲಿ.

ಇಂತಿ,
ತುಮಕೂರಿನ ಒಬ್ಬ ಸಿನಿಮಾ ಕೆಲಸಗಾರ್ತಿ
(ಚಿತ್ರಕಥೆ, ವಸ್ತ್ರವಿನ್ಯಾಸ, ಕಂಟಿನ್ಯುಟಿ, ಸೌಂಡ್, ಸಂಕಲನ)